ಹೆಂಗಾತು ಅಂತ ಕೇಳಿದ್ದಕ್ಕೆ

ನಾನು ಬರೆದ ಮೊದಲ ಸಂಗೀತವನ್ನು ನಮ್ಮ ಬ್ಯಾಂಡಿನವರು ಕೊಪ್ಪಳದ ನಮ್ಮ ಮನೆಯ ಹಿತ್ತಲಲ್ಲಿ ಊದಿ ಮುಗಿಸಿದಾಗ, ನಾನು ಎಲ್ಲರ ಮುಖ ನೋಡಿ, "ಹೆಂಗಾತು?" ಎಂದು ಕೇಳಿದೆ. ಢೋಲಿನವನು ಕೋಲು ಕೆಳಗಿಟ್ಟು, "ಊಟಕ್ಕ ಏನ್ ಮಾಡ್ಯಾರ?" ಅಂದ.

ನನ್ನ ಸಂಗೀತದ ಮೇಲೆ ಬಂದ ಮೊದಲ ಅಭಿಪ್ರಾಯ ಅದು. ಆಮೇಲೆ ಎಷ್ಟೋ ವರ್ಷ ಬಂದ ಅಭಿಪ್ರಾಯಗಳು ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದವು ಎಂದು ಹೇಳಲಾರೆ.

ನಮ್ಮದು ಸನಾದಿ ಊದುವವರ ಮನೆತನ. ನನ್ನ ತಂದೆ ನಾನು ಚಿಕ್ಕವನಿದ್ದಾಗಲೇ ಹೋದರು. ದೊಡ್ಡಪ್ಪ ಸನಾದಿಯನ್ನು ಮನೆಯ ಜಂತಿಗೆ ಸಿಕ್ಕಿಸಿ, ಕ್ಲಾರಿಯೊನೆಟ್ಟು, ತುತ್ತೂರಿಯಂಥ ಕಾರ್ನೆಟ್ಟು, ದಪ್ಪ ದನಿಯ ಯುಫೋನಿಯಂ, ಢೋಲು, ದೊಡ್ಡ ತಾಳದಂಥ ಝಾಂಜು ಎಲ್ಲ ಕೂಡಿಸಿ ಬ್ಯಾಂಡ್ ಸೆಟ್ ಮಾಡಿದ್ದರು. ಮದುವೆ, ಉರುಸು, ಸಾಹೇಬರ ಸ್ವಾಗತ, ಹೀಗೆ ಎಲ್ಲಿ ಕರೆದರೂ ಕೆಂಪು ಕೋಟು ಹಾಕಿಕೊಂಡು ಹೋಗುತ್ತಿದ್ದೆವು. ನಾನು ಕ್ಲಾರಿಯೊನೆಟ್ ಊದುತ್ತಿದ್ದೆ. ನಮ್ಮ ಪದ್ಧತಿ ಸರಳ. ನಾಟಕದ ಒಂದು ಹಾಡು ಹಿಡಿದರೆ ಎಲ್ಲರೂ ಅದನ್ನೇ ಊದುವುದು. ಯಾರ ದನಿ ಜೋರೋ ಅವನು ಗೆದ್ದ.

ಮೂವತ್ತರ ದಶಕದ ನಡುವೆ ಹತ್ತಿ ಜಿನ್ನಿನ ಮ್ಯಾನೇಜರರ ಮನೆಯಲ್ಲಿ ಮದುವೆಯಾಯಿತು. ಊಟದ ಹೊತ್ತಿಗೆ ನಮ್ಮನ್ನು ನಿಲ್ಲಿಸಿ ಅವರು ಗ್ರಾಮೋಫೋನ್ ಹಚ್ಚಿದರು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದೆ. ಹಾಡಿನ ತಟ್ಟೆಗಳ ನಡುವೆ ಎಲ್ಲಿಂದಲೋ ಒಂದು ವಿಲಾಯತಿ ವಾದ್ಯಮೇಳದ ತಟ್ಟೆ ಸೇರಿತ್ತು. ಪಿಟೀಲುಗಳದೇ ಒಂದು ಹಿಂಡು, ಅದರ ಕೆಳಗೆ ಬೇರೆ ಏನೋ ನಡೆಯುತ್ತಿದೆ, ಅದರ ಆಚೆ ತುತ್ತೂರಿಗಳು ಮೂರನೆಯದೊಂದು ಮಾತು ಆಡುತ್ತಿವೆ. ಒಬ್ಬರದು ಒಬ್ಬರಂತಿಲ್ಲ, ಆದರೂ ಒಬ್ಬರಿಗೊಬ್ಬರು ಅಡ್ಡ ಬರುತ್ತಿಲ್ಲ. ನನ್ನ ಮೈಮೇಲೆ ಮುಳ್ಳೆದ್ದವು. ಎದ್ದು ಹೋಗಿ ಇನ್ನೊಂದು ಸಲ ಹಚ್ಚಲು ಕೈಮುಗಿದು ಕೇಳಿದೆ.

ಮ್ಯಾನೇಜರರು ನಕ್ಕು, "ಇದೇನು ಹಿಡಿಸ್ತೋ ನಿನಗ? ಬಾಂಡೆ ಸಾಮಾನು ಬಿದ್ದಂಗ ಕೇಳತೈತಿ," ಅಂದರು. ಆದರೂ ಹಚ್ಚಿದರು.

ಅವತ್ತಿನಿಂದ ನನಗೆ ಒಂದೇ ಹುಚ್ಚು. ನಮ್ಮ ಬ್ಯಾಂಡಿಗೂ ಹಾಗೆ ಬರೆಯಬೇಕು. ಹೇಗೆ ಬರೆಯಬೇಕೆಂದು ಹೇಳಿಕೊಡುವವರು ಸುತ್ತಮುತ್ತ ಯಾರೂ ಇರಲಿಲ್ಲ. ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ಅಡ್ಡ ಗೆರೆ ಎಳೆದು, ಒಂದೊಂದು ಬಾಜಾಕ್ಕೆ ಒಂದೊಂದು ಸಾಲಿನಂತೆ ಸರಿಗಮ ಬರೆಯತೊಡಗಿದೆ. ಮೇಲಿನ ಸಾಲಿನ ಅಕ್ಷರದ ನೇರ ಕೆಳಗೆ ಕೆಳಗಿನ ಸಾಲಿನ ಅಕ್ಷರ ಬಂದರೆ ಎರಡೂ ಒಟ್ಟಿಗೆ ನುಡಿಯಬೇಕು. ಇದು ನಾನೇ ಕಂಡುಹಿಡಿದ ಉಪಾಯ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಅವ್ವ ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿ, "ಗ್ವಾಡಿ ತುಂಬ ಇರಿವಿ ಹತ್ತಿದಂಗ ಮಾಡಿಟ್ಟೀಯಲ್ಲೋ," ಅಂದಳು.

ಆ ಗೋಡೆಯ ಸಂಗೀತವನ್ನೇ ಅವತ್ತು ಹಿತ್ತಲಲ್ಲಿ ಊದಿದ್ದು. ಕಿವಿ ಮುಚ್ಚಿಕೊಳ್ಳುವಷ್ಟು ಕೆಟ್ಟದಾಗಿತ್ತು. ನನಗೆ ಅದು ಊದುತ್ತಿರುವಾಗಲೇ ಗೊತ್ತಾಗಿತ್ತು, ಆದರೆ ಏನು ಕೆಟ್ಟಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಯಾರಾದರೂ ಹೇಳಲಿ ಎಂದೇ ಹೆಂಗಾತು ಎಂದು ಕೇಳಿದ್ದು. ಊಟದ ಮಾತು ಮುಗಿದ ಮೇಲೆ ದೊಡ್ಡಪ್ಪನ ಕಡೆ ತಿರುಗಿದೆ.

"ಛಲೋ ಐತಿ," ಅಂದರು ದೊಡ್ಡಪ್ಪ.

ನನ್ನ ದೊಡ್ಡಪ್ಪ ಮಾವಿನ ಉಪ್ಪಿನಕಾಯಿಗೂ ಛಲೋ ಐತಿ ಅನ್ನುತ್ತಿದ್ದರು, ಬಸ್ಸು ಕೆಟ್ಟು ರಸ್ತೆಯಲ್ಲಿ ನಿಂತಾಗಲೂ ಗಿಡದ ನೆಳಲು ನೋಡಿ ಛಲೋ ಐತಿ ಅನ್ನುತ್ತಿದ್ದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಆದರೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಸಿಗುತ್ತಿರಲಿಲ್ಲ.

ಎಷ್ಟೋ ದಿನ ತಲೆ ಕೆರೆದುಕೊಂಡ ಮೇಲೆ ತಪ್ಪು ಹೊಳೆಯಿತು. ನನ್ನ ಕ್ಲಾರಿಯೊನೆಟ್ಟಿನಲ್ಲಿ ನಾವು 'ಸ' ಎಂದು ಕರೆಯುವ ಜಾಗ ಬೇರೆ, ಕಾರ್ನೆಟ್ಟಿನದು ಬೇರೆ. ಕಿವಿಯಿಂದ ಊದುವಾಗ ಒಬ್ಬೊಬ್ಬರೂ ತಾವೇ ಹೊಂದಿಸಿಕೊಳ್ಳುತ್ತಿದ್ದರು. ನಾನು ಬರೆದುಕೊಟ್ಟಾಗ ಅವರವರು ಅವರವರ 'ಸ'ದಿಂದ ಶುರು ಮಾಡಿದ್ದರು. ಒಂದೇ ಹಾಡನ್ನು ಐದು ಎತ್ತರದಲ್ಲಿ ಊದಿದ ಹಾಗೆ ಆಗಿತ್ತು. ನಾನು ಕಾರ್ನೆಟ್ಟಿನ ಹಿರಿಯನನ್ನು ಹಿಡಿದು ಕೇಳಿದೆ, "ಕಾಕಾ, ನಿಮಗ ಅವತ್ತು ತಿಳೀಲಿಲ್ಲೇನು, ಕೂಡಾಕತ್ತಿಲ್ಲ ಅಂತ?"

"ತಿಳೀದ ಏನು? ಹಲ್ಲು ಚುಮ್ ಅಂದ್ವು."

"ಮತ್ತ ಹೇಳಬಾರದಿತ್ತೇನು?"

"ನೀನ ಅಂದಿದ್ದೆಲ್ಲೋ, ಇದು ಇಂಗ್ಲಿಷ್ ನಮೂನಿ ಅಂತ. ಅವರದು ಹಂಗ ಇರತೈತಿ ಅಂತ ತಿಳಕೊಂಡ್ವಿ."

ಅವತ್ತು ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗೋಡೆ ತೊಳೆದು ಮತ್ತೆ ಮೊದಲಿನಿಂದ ಬರೆದೆ. ಈ ಸಲ ಸ್ವರಗಳು ಕೂಡಿದವು. ಆದರೂ ಏನೋ ಸರಿಯಿರಲಿಲ್ಲ. ಎಲ್ಲ ಇತ್ತು, ಏನೂ ಕೇಳಿಸುತ್ತಿರಲಿಲ್ಲ. ಸಂತೆಯಲ್ಲಿ ನಿಂತ ಹಾಗೆ.

ಆಗ ಅದೇ ಕಾರ್ನೆಟ್ ಕಾಕಾ ಕುಷ್ಟಗಿಯ ಒಬ್ಬ ಮುದುಕರ ಸುದ್ದಿ ಹೇಳಿದ. ಹೈದರಾಬಾದಿನ ಫೌಜಿನ ಬ್ಯಾಂಡಿನಲ್ಲಿ ಬ್ಯಾಂಡ್ ಮಾಸ್ತರರಾಗಿದ್ದವರು, ಈಗ ಮಗಳ ಮನೆಯಲ್ಲಿ ಇದ್ದಾರೆ, ವಿಲಾಯತಿ ಸಂಗೀತ ಓದಿ ಬರೆದು ಗೊತ್ತಿರುವವರು. ಗೋಡೆಯ ಮೇಲಿದ್ದುದನ್ನೆಲ್ಲ ಕಾಗದಕ್ಕೆ ಇಳಿಸಿಕೊಂಡು ಮೋಟಾರು ಹತ್ತಿದೆ.

ಎತ್ತರದ ಆಳು, ಬಿಳಿ ಗಡ್ಡ, ಬೇವಿನ ಗಿಡದ ಕೆಳಗೆ ಹಗ್ಗ ಹೆಣೆದ ಹೊರಸಿನ ಮೇಲೆ ಕೂತು ಆಡುಗಳಿಗೆ ಸೊಪ್ಪು ಹಾಕುತ್ತಿದ್ದರು. ನಾನು ಸಲಾಂ ಮಾಡಿ ಬಂದ ಕೆಲಸ ಹೇಳಿದೆ.

"ಕಲಸೂದಿಲ್ಲ," ಅಂದರು ಉಸ್ತಾದರು. "ಉಮರ್ ಆತು. ನೀ ಬರದಿದ್ದು ತಾ, ಕೇಳತೀನಿ. ಅಷ್ಟ."

ಅವರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ನಾನು ಒಂದೊಂದೇ ಸಾಲು ಬಾಯಲ್ಲಿ ಹೇಳಬೇಕು, ಅವರು ಕಣ್ಣು ಮುಚ್ಚಿ ಎಲ್ಲವನ್ನೂ ತಲೆಯೊಳಗೆ ಕೂಡಿಸಿಕೊಳ್ಳಬೇಕು. ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಚಹಾ ಬಂತು. ಆಡಿನ ಮರಿಯೊಂದಕ್ಕೆ ಭೇದಿಯಾದ ಸಂಗತಿ ಬಂತು. ಕುಷ್ಟಗಿಯ ನೀರು ಎಷ್ಟು ಗಡಸು ಎಂಬುದು ಬಂತು. ಮೋಟಾರಿನ ಹೊತ್ತಾಯಿತು ಎಂದು ನಾನು ಎದ್ದಾಗ ಅವರು ಕಣ್ಣು ತೆರೆದು, "ಬೇಟಾ, ಈ ಕಾರ್ನೆಟ್ಟಿನಾಂವ ಉಸಿರು ಯಾವಾಗ ತಗೋತಾನ?" ಅಂದರು.

ಅಷ್ಟೇ. ಇನ್ನೂ ಕೇಳಿದರೆ ಆಡುಗಳ ಕಡೆ ತಿರುಗಿದರು.

ಮೋಟಾರಿನಲ್ಲಿ ಹಲ್ಲು ಕಡಿಯುತ್ತ ಬಂದೆ. ಒಂದು ಮಾತಿಗೆ ಇಷ್ಟು ದೂರ! ಮನೆಗೆ ಬಂದು ಕಾಗದ ಬಿಡಿಸಿದರೆ, ಕಾರ್ನೆಟ್ಟಿನ ಸಾಲಿನಲ್ಲಿ ತಲೆಯಿಂದ ಬುಡದವರೆಗೆ ಒಂದು ತೆರಪೂ ಇರಲಿಲ್ಲ. ಕಾಕಾ ಯಾಕೆ ಪ್ರತಿ ಸಲ ನಡುವೆ ಸ್ವರ ನುಂಗುತ್ತಿದ್ದ, ಯಾಕೆ ಅವನ ಮುಖ ಬದನೆಕಾಯಿಯ ಹಾಗಾಗುತ್ತಿತ್ತು ಎಂಬುದು ಆಗ ತಿಳಿಯಿತು. ನಾನು ಅವನು ಆಲಸಿ ಎಂದುಕೊಂಡಿದ್ದೆ.

ತೆರಪು ಬಿಟ್ಟು ಬರೆದು ಮತ್ತೆ ಹೋದೆ. ಮತ್ತೆ ಚಹಾ, ಮತ್ತೆ ಆಡು. ಹೊರಡುವಾಗ ಒಂದು ಮಾತು. "ನಿನ್ನ ಕ್ಲಾರಿಯೊನೆಟ್ಟು, ಕಾರ್ನೆಟ್ಟು ಎರಡೂ ಒಂದ ಹೊರಸಿನ ಮ್ಯಾಲೆ ಮಲಗ್ಯಾವ. ನಿದ್ದಿ ಹೆಂಗ ಬರಬೇಕು ಅವಕ್ಕ?"

ಇದಂತೂ ಒಗಟಾಯಿತು. ಹೊರಸು ಎಂದರೇನು, ನಿದ್ದೆ ಎಂದರೇನು? ಆ ಇಡೀ ಬೇಸಿಗೆ ನಾನು ಕ್ಲಾರಿಯೊನೆಟ್ಟಿಗೆ ಇನ್ನಷ್ಟು ಸ್ವರ ಸೇರಿಸಿ, ಕಾರ್ನೆಟ್ಟಿಗೆ ಇನ್ನಷ್ಟು ಜೋರು ಸೇರಿಸಿ, ಎರಡನ್ನೂ ಬೇರೆ ಬೇರೆ ಕೇಳಿಸಲು ಒದ್ದಾಡಿದೆ. ಮೂರನೆಯ ಸಲ ಹೋದಾಗ ಉಸ್ತಾದರು ಕೇಳಿ ಮುಗಿಸಿ ನಿಟ್ಟುಸಿರು ಬಿಟ್ಟರು. "ಮತ್ತೊಂದು ಹೊರಸು ತಾ ಅಂದರ, ಇದ್ದದ್ದರ ಮ್ಯಾಲೆ ಇನ್ನಿಬ್ಬರನ್ನ ಮಲಗಿಸೀಯಲ್ಲೋ," ಅಂದರು.

"ಉಸ್ತಾದ್, ಬಿಡಿಸಿ ಹೇಳ್ರಲಾ. ನಾ ಶಾಣ್ಯಾ ಅಲ್ಲ," ಎಂದು ಕೂಗಿಯೇಬಿಟ್ಟೆ.

"ಬಿಡಿಸಿ ಹೇಳಿದರ ನಂದಾಗತೈತಿ," ಅಂದು ಅವರು ಹೊರಸಿನ ಮೇಲೆ ಅಡ್ಡಾದರು.

ಸಿಟ್ಟಿನಿಂದ ಒಂದು ವರ್ಷ ಕುಷ್ಟಗಿಯ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಯುದ್ಧ ಶುರುವಾಯಿತು. ಕ್ಲಾರಿಯೊನೆಟ್ಟಿನ ಬಾಯಿಗೆ ಕಟ್ಟುವ ಪೀಪಿ ಎಲ್ಲೂ ಸಿಗದಂತಾಯಿತು. ನಾನು ಹೊಳೆಯ ದಂಡೆಯ ಜೊಂಡು ತಂದು ಚಾಕುವಿನಿಂದ ಹೆರೆದು ಹೆರೆದು ಪೀಪಿ ಮಾಡಿಕೊಳ್ಳುತ್ತಿದ್ದೆ. ಅದು ಒಮ್ಮೆ ಕೋಳಿ ಕೂಗಿದ ಹಾಗೆ, ಒಮ್ಮೆ ಕರು ಒದರಿದ ಹಾಗೆ ನುಡಿಯುತ್ತಿತ್ತು. ಮೋಟಾರುಗಳು ಪೆಟ್ರೋಲ್ ಬಿಟ್ಟು ಇದ್ದಿಲ ಗ್ಯಾಸಿನ ಮೇಲೆ ಓಡತೊಡಗಿದವು. ಓಡತೊಡಗಿದವು ಎನ್ನುವುದು ದೊಡ್ಡ ಮಾತು. ಏರು ಬಂದರೆ ಇಳಿದು ತಳ್ಳಬೇಕಿತ್ತು.

ಅಂಥದೊಂದು ಮೋಟಾರು ಕೈಕೊಟ್ಟದ್ದರಿಂದಲೇ ಮುಂದಿನದು ನಡೆಯಿತು. ಯಲಬುರ್ಗಿಯಲ್ಲಿ ಗೌಡರ ಮನೆಯ ಮದುವೆ. ನಾವು ಕೆಲವರು ಸಾಮಾನಿನ ಜೊತೆ ಚಕ್ಕಡಿಯಲ್ಲಿ ಮುಂಚೆಯೇ ಹೋಗಿದ್ದೆವು. ಉಳಿದವರು ಮೋಟಾರಿನಲ್ಲಿ ಬರಬೇಕು. ಬೀಗರು ಊರ ಅಗಸಿ ಬಾಗಿಲಿಗೆ ಬಂದು ನಿಂತರು, ನಮ್ಮವರ ಸುಳಿವಿಲ್ಲ. ಕಾರ್ನೆಟ್ಟುಗಳಿಲ್ಲ, ಎರಡನೆಯ ಕ್ಲಾರಿಯೊನೆಟ್ಟಿಲ್ಲ, ದೊಡ್ಡ ಢೋಲಿಲ್ಲ. ಇರುವವರು ನಾನು, ಯುಫೋನಿಯಂನವನು, ಸಣ್ಣ ಡ್ರಮ್ಮಿನವನು, ಮತ್ತು ಝಾಂಜು ಹಿಡಿದ ದೊಡ್ಡಪ್ಪ. ಗೌಡರ ಮನೆಯವರು, "ಏನ್ರಿ, ಬೀಗರು ನಿಂತಾರ, ಬಾರಸ್ರಿ," ಎಂದು ಅವಸರ ಮಾಡಿದರು.

ನಾಟಕದ ಹಾಡುಗಳಿಗೆಲ್ಲ ಕಾರ್ನೆಟ್ಟೇ ಮುಂದು. ಅದಿಲ್ಲದೆ ಶುರು ಮಾಡಲಾಗದು. ಕಾರ್ನೆಟ್ಟಿನ ಆಸರೆಯಿಲ್ಲದೆ ಯುಫೋನಿಯಂನವನಿಗೆ ಗಟ್ಟಿಯಾಗಿ ಬರುತ್ತಿದ್ದುದು ನಾನು ಬರೆದದ್ದೊಂದೇ. ಪಾಪ, ಅಷ್ಟು ಸಲ ಊದಿಸಿದ್ದೆ ಅವನ ಕೈಲಿ. ದೊಡ್ಡಪ್ಪ ನನ್ನ ಕಡೆ ನೋಡಿ, "ನಿಂದ ಹಚ್ಚು," ಅಂದರು.

ಹಚ್ಚಿದೆವು. ನಾನು ಮೇಲಿನ ದನಿಯಲ್ಲಿ ಊದುತ್ತ ಹೋದೆ. ಕೆಳಗೆ ಯುಫೋನಿಯಂ ನಿಧಾನವಾಗಿ ನಡೆಯುತ್ತ ಬಂತು. ಆ ಕೆಳಗಿನ ಸಾಲನ್ನು ನಾನೇ ಬರೆದಿದ್ದೆ, ಆದರೆ ಅವತ್ತಿನವರೆಗೆ ಅದನ್ನು ಕೇಳಿಯೇ ಇರಲಿಲ್ಲ. ಕಾರ್ನೆಟ್ಟಿನ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತಿತ್ತು. ಅದು ಏರಿದಲ್ಲಿ ನನ್ನದು ಇಳಿಯಿತು, ನನ್ನದು ನಿಂತಲ್ಲಿ ಅದು ಮಾತಾಡಿತು. ಅಗಸಿಯ ಕೆಳಗೆ ದನಿ ಸುತ್ತಿ ಸುತ್ತಿ ಬಂತು. ಬೀಗರ ಕಡೆಯ ಮುದುಕಿಯೊಬ್ಬಳು ಎಲೆ ಅಡಿಕೆ ಮಡಿಸುವುದನ್ನು ನಿಲ್ಲಿಸಿದಳು. ಆರತಿ ಹಿಡಿದವರು ಎತ್ತುವುದನ್ನು ಮರೆತು ನಿಂತರು.

ಮುಗಿದಾಗ ದೊಡ್ಡಪ್ಪ ಛಲೋ ಐತಿ ಅನ್ನಲಿಲ್ಲ. "ಇನ್ನೊಂದ್ಸಲ ಬಾರಸು," ಅಂದರು.

ನನಗೆ ಸಂತೋಷವಾಯಿತು ಎಂದು ಯಾರಾದರೂ ತಿಳಿದುಕೊಂಡರೆ ತಪ್ಪು. ನನಗೆ ಬಂದದ್ದು ಕೆಂಡದಂಥ ಸಿಟ್ಟು. ಆರೇಳು ವರ್ಷ ನಾನು ಸ್ವರದ ಮೇಲೆ ಸ್ವರ ಪೇರಿಸಿದ್ದೆ. ಅರ್ಧ ಜನ ದಾರಿಯಲ್ಲಿ ಮೋಟಾರು ತಳ್ಳುತ್ತ ಉಳಿದಾಗ ಅದು ಸಂಗೀತವಾಯಿತು! ಹೊರಸಿನ ಮಾತು ಆಗ ತಲೆಗೆ ಹೋಯಿತು. ಕ್ಲಾರಿಯೊನೆಟ್ಟೂ ಕಾರ್ನೆಟ್ಟೂ ಒಂದೇ ಎತ್ತರದಲ್ಲಿ, ಒಂದೇ ಹೊತ್ತಿನಲ್ಲಿ ಒದರುತ್ತಿದ್ದವು. ಒಂದು ಏಳಬೇಕು, ಇನ್ನೊಂದು ಮಲಗಬೇಕು. ಇಷ್ಟೇ. ಇದನ್ನು ಆ ಮುದುಕರು ನೆಟ್ಟಗೆ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಕಾರ್ನೆಟ್ಟಿನವರು ಮಧ್ಯಾಹ್ನ ಮೈತುಂಬ ಇದ್ದಿಲು ಬಳಿದುಕೊಂಡು ಬಂದರು. ಎಲ್ಲರೂ ಅವರನ್ನು ಬಿಟ್ಟು ನಮ್ಮನ್ನು ಹೊಗಳುತ್ತಿದ್ದುದಕ್ಕೆ ಕಾಕಾ ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ಆ ಮಳೆಗಾಲ ಕೂತು ಕಿತ್ತೆ. ಬರೆಯುವುದಕ್ಕಿಂತ ಕೀಳುವುದು ಕಷ್ಟ. ಒಂದೊಂದು ಸ್ವರ ಕಿತ್ತಾಗಲೂ ಆ ಬಾಜಾದವನು ಬಂದು, "ನಂದ್ಯಾಕ ತಗದಿ? ನಾ ಏನು ಮಾಡೇನಿ ನಿನಗ?" ಎಂದು ಜಗಳ ತೆಗೆಯುತ್ತಿದ್ದ. ಕಾಕಾನಿಗೆ ಸುಮ್ಮನೆ ನಿಲ್ಲುವ ಜಾಗದಲ್ಲಿ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಆದರೆ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಕಾರ್ನೆಟ್ ಎತ್ತಿದಾಗ ಜನ ತಿರುಗಿ ತನ್ನನ್ನೇ ನೋಡುತ್ತಾರೆ ಎಂದು ಗೊತ್ತಾದ ಮೇಲೆ ಅವನು ತಕರಾರು ಬಿಟ್ಟ.

ಯಲಬುರ್ಗಿಯ ಮದುವೆಗೆ ಬಂದಿದ್ದವರಲ್ಲಿ ಒಂದು ನಾಟಕ ಕಂಪನಿಯ ಮಾಲಕರಿದ್ದರು. ಅವರ ಕಂಪನಿ ಸುಗ್ಗಿಯ ನಂತರ ಗಂಗಾವತಿಯಲ್ಲಿ ಡೇರೆ ಹಾಕುತ್ತಿತ್ತು. ಭತ್ತ ಮಾರಿದ ಜನ ನಾಟಕ ನೋಡಲು ಬರುತ್ತಿದ್ದರು. ತೆರೆ ಏಳುವ ಮುಂಚೆ ನಮ್ಮ ಸಂಗೀತ ಬೇಕೆಂದು ಕರೆಸಿದರು. ನಾನು ಹಿಗ್ಗಿ ಹೋದೆ. ಆದರೆ ಹೋದ ಮೇಲೆ ತಿಳಿಯಿತು, ಮಾಲಕರೆಂದರೆ ದೊಡ್ಡಪ್ಪನಿಗೂ ಉಸ್ತಾದರಿಗೂ ತಿರುವುಮುರುವು. ಅವರು ಮಾತಾಡುವುದನ್ನು ನಿಲ್ಲಿಸುತ್ತಲೇ ಇರಲಿಲ್ಲ.

ಸೋಮವಾರ ಬಂದು, "ಜೋರು ಸಾಲದು, ಪ್ಯಾಟಿ ತನಕ ಕೇಳಬೇಕು," ಅಂದರು. ಮಂಗಳವಾರ, "ಭಾಳ ಜೋರಾತು, ಟಿಕೀಟಿನಾಂವಗ ಮಾತು ಕೇಳವಲ್ದು." ಬುಧವಾರ, "ಜನರ ಬಾಯಾಗ ಇರೂ ಹಾಡು ನಡುವ ಸೇರಸ್ರಿ." ಸೇರಿಸಿದರೆ, ಜನ ಅದನ್ನು ಹಾಡುತ್ತಲೇ ಕೂತು ನಾಟಕ ಶುರುವಾದರೂ ನಿಲ್ಲಿಸಲಿಲ್ಲ. "ತಗೀರಿ ಅದನ್ನ!" ಹೀಗೆ ದಿನಕ್ಕೊಂದು. ನಾನು ದಿನಾ ಮಧ್ಯಾಹ್ನ ಡೇರೆಯ ಹಿಂದೆ ಕೂತು ಬದಲಿಸುತ್ತಿದ್ದೆ. ಒಂದು ವಾರದಲ್ಲಿ ನನ್ನ ಸಂಗೀತ ತೇಪೆ ಹಾಕಿದ ಕೌದಿಯಂತಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಅವರ ಕಣ್ಣು ಬಿದ್ದದ್ದು ಒಂದು ತೆರಪಿನ ಮೇಲೆ. ಕೊನೆಗೆ ಸ್ವಲ್ಪ ಮುಂಚೆ ಎಲ್ಲ ಬಾಜಾಗಳೂ ನಿಂತು, ಕ್ಲಾರಿಯೊನೆಟ್ ಒಂದೇ ಉಳಿದು, ಅದೂ ನಿಂತು, ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಎಲ್ಲರೂ ಮೆಲ್ಲಗೆ ಕೂಡುವುದು. ಅಲ್ಲಿ ಗಂಗಾವತಿಯ ಜನ ಶೇಂಗಾ ಸುಲಿಯುವುದನ್ನೂ ನಿಲ್ಲಿಸುತ್ತಿದ್ದರು. ನಾನು ಬರೆದದ್ದರಲ್ಲಿ ನನಗೆ ಅನುಮಾನವೇ ಇಲ್ಲದ ಜಾಗ ಅದೊಂದೇ.

"ಅಲ್ಲಿ ಸುಮ್ಮನಾಗತೀರಲ್ಲ," ಅಂದರು ಮಾಲಕರು, "ಜನ ಬಾಜಾ ಕೆಟ್ವು ಅಂತ ತಿಳೀತಾರ. ಢೋಲು ಹಾಕ್ರಿ ಅಲ್ಲಿ."

"ಆಗೂದಿಲ್ರಿ," ಅಂದೆ. ಅವರ ಮಾತಿಗೆ ಇಲ್ಲ ಎಂದದ್ದು ಅದೇ ಮೊದಲು.

ಅವತ್ತು ಸಂಜೆ ಆ ತೆರಪು ಬಂತು. ಡೇರೆ ಸ್ತಬ್ಧವಾಯಿತು. ಆಗ ತೆರೆಯ ಪಕ್ಕದಿಂದ ಧಡ್ ಧಡ್ ಧಡ್ ಎಂದು ಸದ್ದು! ಹೊರಳಿ ನೋಡಿದರೆ, ರಾಜನ ವೇಷ ಹಾಕಿಕೊಂಡ ಮಾಲಕರು, ತಲೆಯ ಮೇಲಿನ ಕಿರೀಟ ಕುಣಿಯುವಂತೆ, ಎಲ್ಲಿಂದಲೋ ತಂದ ಡೊಳ್ಳನ್ನು ಸ್ವತಃ ಬಾರಿಸುತ್ತಿದ್ದಾರೆ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸ್ವರ ಎತ್ತಿದಾಗ ನನ್ನ ಕ್ಲಾರಿಯೊನೆಟ್ ಕೀಚ್ ಎಂದಿತು.

ಮರುದಿನ ಸಾಮಾನು ಕಟ್ಟಲು ಕೂತೆ. ದೊಡ್ಡಪ್ಪ ಪಕ್ಕದಲ್ಲಿ ಕೂತು, "ನಂದೊಂದು ಮಾತು ಕೇಳು. ಆ ಮನಷ್ಯಾಗ ಸಂಗೀತ ಬ್ಯಾಡ, ತನ್ನ ವೇಷ ಬೇಕು," ಅಂದರು. ದೊಡ್ಡಪ್ಪ ನನಗೆ ಕೊಟ್ಟ ಸಲಹೆಗಳಲ್ಲಿ ಛಲೋ ಐತಿ ಅಲ್ಲದ ಎರಡನೆಯದು ಅದು. ನಾನು ಎದ್ದು ಮಾಲಕರ ಬಳಿ ಹೋದೆ.

"ಮಾಲಕ್ರ, ಆ ಸುಮ್ಮನಿರೂ ಜಾಗ ನಮಗಲ್ರಿ, ನಿಮಗ. ಆಗ ಜನ ಉಸಿರು ಹಿಡದು ತೆರಿ ನೋಡತಾರ, ಈಗ ರಾಜ ಬರತಾನ ಅಂತ. ನೀವು ಡೊಳ್ಳು ಬಾರಿಸಿದರ ಯಾರ ದಾರಿ ಕಾಯಬೇಕ್ರಿ ಅವರು?"

ಮಾಲಕರು ಮೀಸೆ ತಿರುವಿದರು. "ಹಂಗೈತೇನು? ಮೊದಲ ಹೇಳಬಾರದೇನ್ರಿ? ಹಂಗಾದರ ಇನ್ನೊಂದೀಟು ಉದ್ದ ಮಾಡ್ರಿ."

ಉದ್ದವನ್ನೂ ಮಾಡಲಿಲ್ಲ, ಗಿಡ್ಡವನ್ನೂ ಮಾಡಲಿಲ್ಲ. ಅವರು ಸೇರಿಸಿದ್ದ ತೇಪೆಗಳನ್ನೆಲ್ಲ ದಿನಕ್ಕೊಂದರಂತೆ ಕಿತ್ತೆ. ಅವರಿಗೆ ಗೊತ್ತೇ ಆಗಲಿಲ್ಲ.

ಆ ಡೇರೆ ಕೀಳುವ ವಾರ ಕುಷ್ಟಗಿಯ ಉಸ್ತಾದರು ಬಂದರು. ನಾನೇ ಹೇಳಿಕಳಿಸಿದ್ದೆ. ಬರುತ್ತಾರೆಂಬ ನಂಬಿಕೆ ಇರಲಿಲ್ಲ. ಅಳಿಯನ ಕೈ ಹಿಡಿದು ಮೋಟಾರಿನಿಂದ ಇಳಿದರು. ಬೆನ್ನು ಬಾಗಿತ್ತು. ಮುಂದಿನ ಸಾಲಿನಲ್ಲಿ ಕೂತು ಕಣ್ಣು ಮುಚ್ಚಿದರು. ಇಷ್ಟು ವರ್ಷ ತಲೆಯೊಳಗೆ ಕೂಡಿಸಿಕೊಂಡಿದ್ದುದನ್ನು ಅವರು ಕಿವಿಯಿಂದ ಕೇಳಿದ್ದು ಅದೊಂದೇ ಸಲ. ನಾನು ಊದುತ್ತ ಅವರ ಮುಖ ನೋಡುತ್ತಿದ್ದೆ. ಒಂದು ಗೆರೆಯೂ ಕದಲಲಿಲ್ಲ.

ಮುಗಿದ ಕೂಡಲೇ ಹೋಗಿ ಕಾಲ ಬಳಿ ಕೂತು, "ಹೆಂಗಾತ್ರಿ ಉಸ್ತಾದ್?" ಎಂದೆ.

"ಎರಡನೇ ಭಾಗ ಉದ್ದ ಆತು," ಅಂದರು.

ನನಗೆ ಆ ಡೇರೆಯ ಗೂಟ ಕಿತ್ತು ಎಸೆಯಬೇಕು ಅನ್ನಿಸಿತು. ಏಳೆಂಟು ವರ್ಷದ ಕೆಲಸ, ಇಡೀ ಡೇರೆ ಕೈ ತಟ್ಟಿದೆ, ಈ ಮುದುಕರಿಗೆ ಕಂಡದ್ದು ಅದೊಂದೇ! ಚಹಾ ತರಿಸಲು ಎದ್ದೆ. ಅವರು ನನ್ನ ಕೋಟಿನ ಅಂಚು ಹಿಡಿದು ಎಳೆದರು.

"ಅದನ್ನ ಕಡಿಮಿ ಮಾಡಿ, ನನಗೊಂದು ನಕಲು ಬರದು ಕೊಡು. ನಮ್ಮ ಅಳಿಯಾಗ ಕನ್ನಡ ಓದಾಕ ಬರತೈತಿ. ಅಂವ ಹೇಳತಾನ, ನಾ ಕೇಳತೀನಿ."

ನಾನು ತಲೆಯಾಡಿಸಿದೆ. ಅಳಿಯ ಆಗಲೇ ಮೋಟಾರಿನ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದ.

ಕೊಪ್ಪಳಕ್ಕೆ ಬಂದು ಎರಡನೆಯ ಭಾಗ ನೋಡಿದೆ. ಅವರು ಹೇಳಿದ್ದು ತಪ್ಪು ಎಂದು ತೋರಿಸಲು ಬಹಳ ಹುಡುಕಿದೆ. ಅದನ್ನು ಹಾಗೇ ಊದಿಸಿದೆ, ನಿಧಾನ ಮಾಡಿಸಿದೆ, ಜೋರು ಮಾಡಿಸಿದೆ. ಕೊನೆಗೆ ನಡುವಿನ ಕೆಲವು ಸಾಲುಗಳ ಮೇಲೆ ಅಂಗೈ ಇಟ್ಟು ಮುಚ್ಚಿ ಓದಿದೆ. ಮೊದಲಿನದು ಮುಂದಿನದಕ್ಕೆ ನೇರ ಹೋಗಿ ಕೂಡಿತು, ನಡುವೆ ಏನೂ ಇರಲೇ ಇಲ್ಲವೇನೋ ಎಂಬಂತೆ. ಬೈದುಕೊಳ್ಳುತ್ತಲೇ ಅವನ್ನು ಹೊಡೆದು ಹಾಕಿ, ಹೊಸ ಕಾಗದ ತೆಗೆದುಕೊಂಡು, ದೊಡ್ಡ ಅಕ್ಷರದಲ್ಲಿ, ಅಳಿಯನಿಗೆ ಓದಲು ತೊಡಕಾಗದ ಹಾಗೆ, ನಕಲು ಬರೆಯಲು ಕೂತೆ.